ರಕ್ತಕ್ಕಿಳಿದ ಕಣ ತೊಡುವ ಅಂಗಿ

ಮಳೆಗಾಲದಲ್ಲಿ ಕಾರವಾರದ ಕೋಡಿಬಾಗದ ಬಳಿ ಕಾಳಿ ನದಿಯ ನೀರು ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಘಟ್ಟದ ಮೇಲಿನಿಂದ ನದಿ ಹೊತ್ತು ತಂದ ಮಣ್ಣು ಅದು. ಅಂಕೋಲಾ ತಾಲ್ಲೂಕಿನ ಮಂಜುಗುಣಿಯಲ್ಲಿ ಕಡಲು ಸೇರುವ ಗಂಗಾವಳಿಯದೂ ಇದೇ ಕತೆ. ಈ ಮಣ್ಣಿನಲ್ಲಿರುವ ಮರಳು ಬೇಗ ತಳ ಸೇರುತ್ತದೆ. ಜೇಡಿಯ ಅತಿಸಣ್ಣ ಕಣಗಳು ಮಾತ್ರ ಸಿಹಿನೀರಿನಲ್ಲಿ ದಿನಗಟ್ಟಲೆ ತೇಲುತ್ತಲೇ ಇರುತ್ತವೆ. ಅವುಗಳ ತೇಲಾಟ ಮುಗಿಯುವುದು ಅಳಿವೆಯಲ್ಲಿ, ಸಿಹಿನೀರಿಗೆ ಕಡಲಿನ ಉಪ್ಪುನೀರು ಬೆರೆತಾಗ. ಆಗ ಕಣಗಳು ಒಂದಕ್ಕೊಂದು ಅಂಟಿಕೊಂಡು, ಗುಂಪು ಕಟ್ಟಿ, ಭಾರವಾಗಿ ಕೆಳಗಿಳಿಯುತ್ತವೆ. ಅಳಿವೆಗಳಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಹೂಳುವ ಕೆಸರು ಕೂಡಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಉಪ್ಪಿಗೆ ಈ ಶಕ್ತಿ ಎಲ್ಲಿಂದ ಬಂತು? ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಒಂದೇ ಬಗೆಯ ವಿದ್ಯುದಂಶವಿರುವ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಕರಗಿದಾಗ ಬಿಡುಗಡೆಯಾಗುವ ಸೋಡಿಯಮ್ ಅಯಾನುಗಳು ಧನ ವಿದ್ಯುದಂಶದವು. ಅವು ಕಣದ ಸುತ್ತ ನೆರೆದು ಈ ತಳ್ಳಾಟವನ್ನು ಮರೆಮಾಡುತ್ತವೆ. ತಳ್ಳಾಟ ನಿಂತ ಮೇಲೆ ಕಣಗಳು ಹತ್ತಿರ ಬರುತ್ತವೆ, ಹತ್ತಿರ ಬಂದವು ಅಂಟಿಕೊಳ್ಳುತ್ತವೆ.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಗದ್ದೆಯ ಜೇಡಿಮಣ್ಣನ್ನು ನೀರಿನಲ್ಲಿ ಚೆನ್ನಾಗಿ ಕದಡಿ, ಹತ್ತು ನಿಮಿಷ ಬಿಟ್ಟು, ಮೇಲಿನ ಕದಡು ನೀರನ್ನು ಎರಡು ಗಾಜಿನ ಲೋಟಗಳಿಗೆ ಸಮನಾಗಿ ಸುರಿಯಿರಿ. ಒಂದಕ್ಕೆ ಒಂದು ಚಮಚ ಉಪ್ಪು ಹಾಕಿ ಕಲಕಿ. ಇನ್ನೊಂದನ್ನು ಹಾಗೆಯೇ ಬಿಡಿ. ಕೆಲವು ಗಂಟೆಗಳ ನಂತರ ಯಾವ ಲೋಟ ಮೊದಲು ತಿಳಿಯಾಗುತ್ತದೆ ಎಂಬುದನ್ನು ಗಮನಿಸಿ.

ಈಗ ಪ್ರಶ್ನೆ ಇದು. ಮನುಷ್ಯನ ರಕ್ತವೂ ಉಪ್ಪುನೀರೇ. ಕಡಲಿನಲ್ಲಿ ಉಪ್ಪಿನಂಶ ನೂರಕ್ಕೆ ಸುಮಾರು 3.5 ಪಾಲು. ರಕ್ತದ ಉಪ್ಪುತನ ಸುಮಾರು 0.9 ಪಾಲಿನ ಉಪ್ಪುನೀರಿಗೆ ಸಮ. ಆಸ್ಪತ್ರೆಯಲ್ಲಿ ಹಾಕುವ ಸಲೈನ್ ಬಾಟಲಿಯ ಮೇಲೆ ಬರೆದಿರುವುದೂ ಇದೇ ಅಂಕಿ. ಹಾಗಾದರೆ ಔಷಧಿಯ ರೂಪದಲ್ಲೋ ಹೊಗೆಯ ರೂಪದಲ್ಲೋ ಅತಿಸೂಕ್ಷ್ಮ ಕಣವೊಂದು ದೇಹದ ದ್ರವಗಳಿಗೆ ಸೇರಿದರೆ ಅದರ ಗತಿ ಏನು? ಅಳಿವೆಯ ಜೇಡಿಯಂತೆ ಗುಂಪು ಕಟ್ಟಿ ಕೂರುತ್ತದೆಯೇ?

ಫ್ಯಾರಡೆಯ ಕೆಂಪು ಚಿನ್ನ

ಉತ್ತರದ ಮೊದಲ ಎಳೆ ಸಿಕ್ಕಿದ್ದು 1857ರಲ್ಲಿ, ಲಂಡನ್ನಿನ ಮೈಕೆಲ್ ಫ್ಯಾರಡೆಯ ಪ್ರಯೋಗಾಲಯದಲ್ಲಿ. ವಿದ್ಯುತ್ತಿನ ಪಾಠದಲ್ಲಿ ಬರುವ ಅದೇ ಫ್ಯಾರಡೆ. ಆತ ಚಿನ್ನದ ಲವಣದಿಂದ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ತಯಾರಿಸಿ ನೀರಿನಲ್ಲಿ ತೇಲಿಸಿದ. ಆ ನೀರು ಹಳದಿಯಾಗಿರಲಿಲ್ಲ, ಮಾಣಿಕ್ಯದಂತೆ ಕೆಂಪಾಗಿತ್ತು. ಅದಕ್ಕೆ ಉಪ್ಪು ಹಾಕಿದಾಗ ಕೆಂಪು ಹೋಗಿ ನೀಲಿ ಬಂತು. ಕಣಗಳು ಗುಂಪು ಕಟ್ಟಿದ್ದರ ಗುರುತು ಅದು. ಆದರೆ ಮೊದಲೇ ಸ್ವಲ್ಪ ಜೆಲ್ಲಿ ಬೆರೆಸಿಟ್ಟಿದ್ದರೆ ಉಪ್ಪು ಹಾಕಿದರೂ ಕೆಂಪು ಹಾಗೆಯೇ ಉಳಿಯುತ್ತಿತ್ತು.

ಜೆಲ್ಲಿ ಎಂದರೆ ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ಜೆಲಾಟಿನ್, ಒಂದು ಪ್ರೋಟೀನು. ಅದರ ಉದ್ದನೆಯ ಅಣುಗಳು ಚಿನ್ನದ ಕಣದ ಮೈಗೆ ಸುತ್ತಿಕೊಂಡು ಹೊದಿಕೆಯಾಗುತ್ತವೆ. ಹೊದಿಕೆ ಇರುವ ಕಣಗಳು ಒಂದನ್ನೊಂದು ಮುಟ್ಟಲಾರವು. ಮುಂದೆ ಕಲಿಲಗಳ ಅಧ್ಯಯನಕ್ಕಾಗಿ 1925ರ ನೊಬೆಲ್ ಬಹುಮಾನ ಪಡೆದ ರಿಚರ್ಡ್ ಸಿಗ್ಮಂಡಿ, ಯಾವ ಪ್ರೋಟೀನು ಎಷ್ಟು ಚೆನ್ನಾಗಿ ಚಿನ್ನವನ್ನು ಕಾಪಾಡುತ್ತದೆ ಎಂದು ಅಳೆದು ಅದಕ್ಕೆ ‘ಚಿನ್ನದ ಅಂಕಿ’ ಎಂಬ ಲೆಕ್ಕವನ್ನೇ ಕೊಟ್ಟ. 1912ರಲ್ಲಿ ಜರ್ಮನಿಯ ವೈದ್ಯ ಕಾರ್ಲ್ ಲಾಂಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವವನ್ನು ಚಿನ್ನದ ಕೆಂಪು ಕಲಿಲಕ್ಕೆ ಬೆರೆಸಿ, ಬಣ್ಣ ಬದಲಾಗುವ ರೀತಿಯಿಂದ ಮಿದುಳಿಗೆ ತಗುಲಿದ ಸಿಫಿಲಿಸ್ ರೋಗವನ್ನು ಗುರುತಿಸುವ ಕ್ರಮ ಅವನದು. ರೋಗದಲ್ಲಿ ಆ ದ್ರವದ ಪ್ರೋಟೀನುಗಳ ಪ್ರಮಾಣ ಏರುಪೇರಾಗುತ್ತದೆ, ಚಿನ್ನದ ಕಣಗಳು ಅದನ್ನು ಬಣ್ಣದ ಭಾಷೆಯಲ್ಲಿ ಹೇಳುತ್ತವೆ. ‘ನ್ಯಾನೊ’ ಎಂಬ ಮಾತು ವೈದ್ಯರ ಬಾಯಿಗೆ ಬರುವುದಕ್ಕೆ ಎಷ್ಟೋ ದಶಕಗಳ ಮೊದಲೇ ನ್ಯಾನೊ ಕಣಗಳು ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದವು.

ಒಂದು ಘನ, ಆರು ಗುಂಟೆ

ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ರಕ್ತದ ಕೆಂಪು ಕಣ 7,000ದಿಂದ 8,000 ನ್ಯಾನೊಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಅಳತೆಯವನ್ನು ನ್ಯಾನೊ ಕಣ ಎನ್ನುತ್ತಾರೆ.

ಇಷ್ಟು ಚಿಕ್ಕದಾದ ಮಾತ್ರಕ್ಕೆ ವಿಶೇಷವೇನು ಎಂದು ಕೇಳಬಹುದು. ಒಂದು ಸಣ್ಣ ಲೆಕ್ಕ ಮಾಡಿದರೆ ತಿಳಿಯುತ್ತದೆ. ಒಂದು ಸೆಂಟಿಮೀಟರ್ ಬದಿಯ ಘನಕ್ಕೆ ಆರು ಮುಖಗಳು, ಒಟ್ಟು ಮೇಲ್ಮೈ 6 ಚದರ ಸೆಂಟಿಮೀಟರ್. ಅದೇ ಘನವನ್ನು 10 ನ್ಯಾನೊಮೀಟರ್ ಬದಿಯ ಪುಟ್ಟ ಘನಗಳಾಗಿ ಕತ್ತರಿಸಿದರೆ ಅವುಗಳ ಒಟ್ಟು ಮೇಲ್ಮೈ 600 ಚದರ ಮೀಟರ್ ಆಗುತ್ತದೆ, ಅಂದರೆ ಸುಮಾರು ಆರು ಗುಂಟೆ ಜಾಗ! ವಸ್ತು ಅಷ್ಟೇ, ತೂಕ ಅಷ್ಟೇ. ಆದರೆ ಅಂಟಿಕೊಳ್ಳಲು ಬರುವವರಿಗೆ ಸಿಗುವ ಅಂಗಳ ಹತ್ತು ಲಕ್ಷ ಪಟ್ಟು ದೊಡ್ಡದು. ಗಣಿತದಲ್ಲಿ ಆಸಕ್ತಿ ಇರುವ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ತಾಳೆ ನೋಡಬಹುದು.

ರಕ್ತದಲ್ಲಿ ಈ ಅಂಗಳಕ್ಕೆ ಬರುವವರಿಗೆ ಕೊರತೆ ಇಲ್ಲ. ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ಪ್ಲಾಸ್ಮಾ ಎಂಬ ನಸುಹಳದಿ ದ್ರವದಲ್ಲಿ ಲೀಟರಿಗೆ 60ರಿಂದ 80 ಗ್ರಾಂ ಪ್ರೋಟೀನು ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಬುಮಿನ್. ಉಳಿದವು ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜೆನ್, ರೋಗಾಣುಗಳ ವಿರುದ್ಧ ಹೋರಾಡುವ ಪ್ರತಿಕಾಯಗಳು, ಕೊಬ್ಬನ್ನು ಹೊತ್ತೊಯ್ಯುವವು, ಕಬ್ಬಿಣವನ್ನು ಹೊತ್ತೊಯ್ಯುವವು, ಹೀಗೆ ನೂರಾರು ಬಗೆ. ಜೊತೆಗೆ ಸಕ್ಕರೆ, ಕೊಬ್ಬಿನ ಅಣುಗಳು. ಇವೆಲ್ಲ ಸಾವಯವ ಅಣುಗಳೇ. ರಕ್ತಕ್ಕೆ ಬಿದ್ದ ಹೊಸ ಕಣ ಕ್ಷಣಮಾತ್ರವೂ ಬರಿಮೈಯಲ್ಲಿ ಇರಲಾರದು.

ಬಸ್ಸಿನ ಸೀಟು, ಕಣದ ಮೈ

ಯಾವ ಪ್ರೋಟೀನು ಮೊದಲು ಅಂಟುತ್ತದೆ? ಇದನ್ನು ಅರಿಯಲು ಕಾರವಾರದಿಂದ ಅಂಕೋಲಾಕ್ಕೆ ಹೊರಟ ಬಸ್ಸನ್ನು ನೆನಪಿಸಿಕೊಳ್ಳಿ. ಬಾಗಿಲ ಬಳಿ ಯಾರು ಹೆಚ್ಚು ಮಂದಿ ಇದ್ದಾರೋ, ಯಾರು ಚುರುಕಾಗಿದ್ದಾರೋ ಅವರಿಗೆ ಮೊದಲು ಸೀಟು. ಅವರಲ್ಲಿ ಹಲವರು ಬಿಣಗಾದಲ್ಲೋ ಅಮದಳ್ಳಿಯಲ್ಲೋ ಇಳಿದುಹೋಗುತ್ತಾರೆ. ಖಾಲಿಯಾದ ಸೀಟಿನಲ್ಲಿ ದೂರದ ಪ್ರಯಾಣಿಕರು ಕೂರುತ್ತಾರೆ. ಒಮ್ಮೆ ಕೂತರೆ ಅಂಕೋಲಾ ಬರುವ ತನಕ ಏಳುವುದಿಲ್ಲ. ಅವರ್ಸಾ ದಾಟುವ ಹೊತ್ತಿಗೆ ಬಸ್ಸಿನಲ್ಲಿರುವ ಮುಖಗಳೇ ಬೇರೆ.

ಕಣದ ಮೈಮೇಲೂ ಹೀಗೆಯೇ. ಸಂಖ್ಯೆಯಲ್ಲಿ ಹೆಚ್ಚಿರುವ, ವೇಗವಾಗಿ ಚಲಿಸುವ ಆಲ್ಬುಮಿನ್‌ನಂಥವು ಮೊದಲು ಬಂದು ಕೂರುತ್ತವೆ. ಆಮೇಲೆ ಸಂಖ್ಯೆಯಲ್ಲಿ ಕಡಿಮೆಯಾದರೂ ಆ ಮೇಲ್ಮೈಗೆ ಹೆಚ್ಚು ಗಟ್ಟಿಯಾಗಿ ಅಂಟಬಲ್ಲ ಪ್ರೋಟೀನುಗಳು ಬಂದು ಅವುಗಳನ್ನು ಎಬ್ಬಿಸಿ ತಾವು ಕೂರುತ್ತವೆ. ಈ ಬದಲಾವಣೆಯನ್ನು ಲಿಯೋ ವ್ರೋಮನ್ ಎಂಬ ರಕ್ತವಿಜ್ಞಾನಿ 1962ರಲ್ಲಿ ಗಮನಕ್ಕೆ ತಂದ. ಅದಕ್ಕೆ ‘ವ್ರೋಮನ್ ಪರಿಣಾಮ’ ಎಂಬ ಹೆಸರೇ ಬಂದಿದೆ. ವ್ರೋಮನ್ ಡಚ್ ಭಾಷೆಯ ಹೆಸರಾಂತ ಕವಿಯೂ ಆಗಿದ್ದ ಎಂಬುದು ವಿಜ್ಞಾನವೋ ಸಾಹಿತ್ಯವೋ ಎಂದು ಮಕ್ಕಳ ಮೇಲೆ ಒತ್ತಡ ಹಾಕುವ ಪಾಲಕರು ನೆನಪಿಡಬೇಕಾದ ಸಂಗತಿ.

ವ್ರೋಮನ್ ಅಧ್ಯಯನ ಮಾಡಿದ್ದು ಗಾಜಿನಂಥ ದೊಡ್ಡ ಮೇಲ್ಮೈಗಳನ್ನು. ನ್ಯಾನೊ ಕಣಗಳ ಈ ಪ್ರೋಟೀನು ಹೊದಿಕೆಗೆ 2007ರಲ್ಲಿ ಐರ್ಲೆಂಡ್ ಮತ್ತು ಸ್ವೀಡನ್ನಿನ ವಿಜ್ಞಾನಿಗಳು ‘ಪ್ರೋಟೀನ್ ಕರೋನಾ’ ಎಂಬ ಹೆಸರನ್ನು ರೂಢಿಗೆ ತಂದರು. ಕರೋನಾ ಎಂದರೆ ಕಿರೀಟ ಅಥವಾ ಪ್ರಭಾವಳಿ. ಮುಂದೆ ಬಂದ ಸಾಂಕ್ರಾಮಿಕದ ವೈರಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಒಂದೇ. ಗಟ್ಟಿಯಾಗಿ ಅಂಟಿಕೊಂಡ ಒಳಪದರವೊಂದು, ಬಂದು ಹೋಗುವ ಸಡಿಲ ಹೊರಪದರವೊಂದು, ಹೀಗೆ ಇದನ್ನು ಎರಡು ಪದರಗಳಾಗಿ ವಿವರಿಸುತ್ತಾರೆ.

ದೇಹ ನೋಡುವುದು ಅಂಗಿಯನ್ನು

ಈ ಹೊದಿಕೆಯ ಮಹತ್ವ ಇರುವುದು ಇಲ್ಲಿ. ಕಣ ಚಿನ್ನದ್ದೋ ಪ್ಲಾಸ್ಟಿಕ್‌ನದ್ದೋ ಹೊಗೆಯ ಮಸಿಯದ್ದೋ ಎಂದು ಜೀವಕೋಶಗಳು ನೇರವಾಗಿ ನೋಡುವುದು ಕಡಿಮೆ. ಅವು ಮುಟ್ಟಿ ನೋಡುವುದು ಕಣ ತೊಟ್ಟ ಅಂಗಿಯನ್ನು. ಅಂಗಿಯಲ್ಲಿ ಪ್ರತಿಕಾಯಗಳು ಮತ್ತು ಅವುಗಳ ಸಹಾಯಕ ಪ್ರೋಟೀನುಗಳು ಹೆಚ್ಚಿದ್ದರೆ ಯಕೃತ್ತು ಮತ್ತು ಗುಲ್ಮದಲ್ಲಿರುವ ಭಕ್ಷಕ ಕೋಶಗಳು ‘ಇದು ಹೊರಗಿನದು’ ಎಂದು ಗುರುತಿಸಿ ನುಂಗಿಬಿಡುತ್ತವೆ. ಕ್ಯಾನ್ಸರ್ ಗೆಡ್ಡೆಗೆಂದು ಕಳಿಸಿದ ಔಷಧಿಯ ಕಣಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಯಕೃತ್ತಿನ ಪಾಲಾಗುವುದು ಹೀಗೆ.

ಒಂದು ಉದಾಹರಣೆ ನೋಡಿ. ಕ್ಯಾನ್ಸರ್ ಕೋಶಗಳು ಕಬ್ಬಿಣಕ್ಕಾಗಿ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನನ್ನು ಹೆಚ್ಚಾಗಿ ಹಿಡಿದುಕೊಳ್ಳುತ್ತವೆ. ಆದ್ದರಿಂದ ಔಷಧಿಯ ಕಣಕ್ಕೆ ಟ್ರಾನ್ಸ್‌ಫೆರಿನ್ ಅಂಟಿಸಿ ಕಳಿಸಿದರೆ ಅದು ನೇರವಾಗಿ ಅಲ್ಲಿಗೇ ಹೋಗಬೇಕಲ್ಲವೇ? ಪ್ರೋಟೀನುಗಳಿಲ್ಲದ ದ್ರವದಲ್ಲಿ ಪ್ರಯೋಗ ಮಾಡಿದಾಗ ಹಾಗೆಯೇ ಆಯಿತು. ಆದರೆ ರಕ್ತದ ಸೀರಮ್ ಬೆರೆಸಿದಾಗ ಆ ಗುಣ ಮಾಯವಾಯಿತು ಎಂದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಪತ್ರದ ಮೇಲೆ ವಿಳಾಸ ಬರೆದದ್ದೇನೋ ಸರಿ, ಅದರ ಮೇಲೆ ಬೇರೆ ಕಾಗದಗಳು ಅಂಟಿಕೊಂಡು ವಿಳಾಸವೇ ಮುಚ್ಚಿಹೋಗಿತ್ತು.

ಇದೇ ತೊಡಕನ್ನು ಉಪಾಯವಾಗಿ ಬಳಸಿದ್ದೂ ಉಂಟು. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರಾನ್ ಎಂಬ ಔಷಧಿ ಕೊಬ್ಬಿನ ನ್ಯಾನೊ ಕಣಗಳೊಳಗೆ ತುಂಬಿ ಕೊಡುವಂಥದ್ದು. ಅದು ತಲುಪಬೇಕಾದದ್ದು ಯಕೃತ್ತಿನ ಕೋಶಗಳನ್ನೇ. ಈ ಕಣಗಳಿಗೆ ರಕ್ತದಲ್ಲೇ ಇರುವ ಅಪೊಲಿಪೊಪ್ರೋಟೀನ್-ಇ ಎಂಬ ಪ್ರೋಟೀನು ತಾನಾಗಿ ಅಂಟಿಕೊಳ್ಳುತ್ತದೆ. ಯಕೃತ್ತಿನ ಕೋಶಗಳು ಆ ಪ್ರೋಟೀನನ್ನು ಗುರುತಿಸಿ ಒಳಗೆ ಕರೆದುಕೊಳ್ಳುತ್ತವೆ. ಇಲ್ಲಿ ವಿಳಾಸ ಬರೆದದ್ದು ರೋಗಿಯ ರಕ್ತವೇ!

ದ್ರವ ಬದಲಾದರೆ ಅಂಗಿಯೂ ಬದಲಾಗುತ್ತದೆ. ಜೊಲ್ಲಿನಲ್ಲಿ ಲೋಳೆಯ ಅಣುಗಳು, ಜಠರದಲ್ಲಿ ಆಮ್ಲ, ಕರುಳಿನಲ್ಲಿ ಪಿತ್ತರಸ, ಶ್ವಾಸಕೋಶದ ಒಳಗೋಡೆಯಲ್ಲಿ ಕೊಬ್ಬು ಮತ್ತು ಪ್ರೋಟೀನಿನ ತೆಳು ಪದರ. ಹೆದ್ದಾರಿಯ ಲಾರಿಯ ಹೊಗೆಯಿಂದಲೋ ಒಲೆಯ ಹೊಗೆಯಿಂದಲೋ ಉಸಿರಿನ ಜೊತೆ ಒಳಹೋದ ಮಸಿಯ ಕಣ ಮೊದಲು ತೊಡುವುದು ಶ್ವಾಸಕೋಶದ ಅಂಗಿಯನ್ನು. ಆದ್ದರಿಂದ ಬಟ್ಟಿಯಿಳಿಸಿದ ನೀರಿನಲ್ಲಿ ಮಾಡಿದ ಪ್ರಯೋಗದ ಫಲವನ್ನು ಮನುಷ್ಯನ ದೇಹಕ್ಕೆ ನೇರವಾಗಿ ಅನ್ವಯಿಸುವಂತಿಲ್ಲ.

ಗುಲಾಬಿ ಗೆರೆಯ ಗುಟ್ಟು

ಈ ವಿಜ್ಞಾನ ಎಲ್ಲೋ ದೂರದ ಪ್ರಯೋಗಾಲಯದ್ದು ಎಂದು ಭಾವಿಸಬೇಕಿಲ್ಲ. ಅಂಕೋಲಾದ ಔಷಧಿ ಅಂಗಡಿಯಲ್ಲಿ ಸಿಗುವ ಗರ್ಭಪರೀಕ್ಷೆಯ ಪಟ್ಟಿಯಲ್ಲಿ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಫ್ಯಾರಡೆಯ ಅದೇ ಕೆಂಪು ಚಿನ್ನದ್ದು. 2020ರಲ್ಲಿ ಕೋವಿಡ್ ಬಂದಾಗ ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆ ಉತ್ತರ ಕನ್ನಡದ ನಾಗರಿಕ ರೋಗಿಗಳಿಗೂ ಬಾಗಿಲು ತೆರೆದದ್ದು ಹಲವರಿಗೆ ನೆನಪಿರಬಹುದು. ಅದೇ ವರ್ಷದ ಜೂನ್‌ನಿಂದ ದೇಶದಲ್ಲಿ ಬಳಕೆಗೆ ಬಂದ ಕೋವಿಡ್ ಶೀಘ್ರ ಪರೀಕ್ಷೆಯ ಕಾರ್ಡುಗಳ ಹಿಂದಿದ್ದ ತತ್ವವೂ ಇದೇ. ಮಳೆಗಾಲದಲ್ಲಿ ಜ್ವರ ಬಂದಾಗ ಮಾಡಿಸುವ ಡೆಂಗ್ಯೂ ಕಾರ್ಡ್ ಪರೀಕ್ಷೆಯೂ ಅದೇ ಬಳಗದ್ದು.

ಕಾರ್ಡಿನೊಳಗೆ ಸಾಮಾನ್ಯವಾಗಿ ಸುಮಾರು 40 ನ್ಯಾನೊಮೀಟರ್ ಅಗಲದ ಚಿನ್ನದ ಕಣಗಳಿರುತ್ತವೆ. ಇಂಥ ಎರಡು ಸಾವಿರ ಕಣಗಳನ್ನು ಸಾಲಾಗಿ ಇಟ್ಟರೆ ಒಂದು ಕೂದಲಿನ ದಪ್ಪ. ಒಂದೊಂದು ಕಣದಲ್ಲೂ ಸುಮಾರು 20 ಲಕ್ಷ ಚಿನ್ನದ ಪರಮಾಣುಗಳು. ಕಣಕ್ಕೆ ನಿರ್ದಿಷ್ಟ ಪ್ರತಿಕಾಯವನ್ನು ಮೊದಲೇ ತೊಡಿಸಿರುತ್ತಾರೆ. ಡೆಂಗ್ಯೂ ಕಾರ್ಡಿನಲ್ಲಾದರೆ ಅದು ವೈರಸ್ಸಿನ ಎನ್‌ಎಸ್-1 ಎಂಬ ಪ್ರೋಟೀನನ್ನು ಹಿಡಿಯುವ ಪ್ರತಿಕಾಯ. ರೋಗಿಯ ರಕ್ತದ ಹನಿ ಪಟ್ಟಿಯ ಮೇಲೆ ಹರಿಯುವಾಗ ಎನ್‌ಎಸ್-1 ಇದ್ದರೆ ಚಿನ್ನದ ಕಣ ಅದನ್ನು ಹಿಡಿದುಕೊಳ್ಳುತ್ತದೆ. ಮುಂದೆ ಗೆರೆಯ ಜಾಗದಲ್ಲಿ ಕಾದಿರುವ ಇನ್ನೊಂದು ಪ್ರತಿಕಾಯ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಅಸಂಖ್ಯ ಕಣಗಳು ಅಲ್ಲಿ ನೆರೆದಾಗ ಕಣ್ಣಿಗೆ ಗುಲಾಬಿ ಗೆರೆ ಕಾಣುತ್ತದೆ.

ರಕ್ತದ ಉಳಿದ ಪ್ರೋಟೀನುಗಳು ಚಿನ್ನಕ್ಕೆ ಅಂಟಿಕೊಂಡು ಕೆಲಸ ಕೆಡಿಸದಿರಲು ಒಂದು ಜಾಣತನ ಬೇಕು. ಪ್ರತಿಕಾಯ ಕೂತ ಮೇಲೆ ಉಳಿದ ಖಾಲಿ ಜಾಗವನ್ನು ದನದ ರಕ್ತದ ಆಲ್ಬುಮಿನ್, ಹಾಲಿನ ಕೇಸೀನ್ ಮುಂತಾದ ನಿರುಪದ್ರವಿ ಪ್ರೋಟೀನುಗಳಿಂದ ಮೊದಲೇ ತುಂಬಿಸಿಡುತ್ತಾರೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಜಾಗ ಹಿಡಿದಂತೆ! ದ್ರವದ ಆಮ್ಲೀಯತೆಯನ್ನು ಹದದಲ್ಲಿಡುವ ಲವಣಗಳನ್ನೂ ಸೇರಿಸುತ್ತಾರೆ. ಆ ಹದ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2021ರಲ್ಲಿ ಬ್ರಿಟನ್ನಿನ ತುಂಟ ಮಕ್ಕಳು ತೋರಿಸಿಕೊಟ್ಟರು. ಶಾಲೆ ತಪ್ಪಿಸಲು ಕೋವಿಡ್ ಕಾರ್ಡಿನ ಮೇಲೆ ಹಣ್ಣಿನ ರಸ, ಕೋಲಾ ಸುರಿದಾಗ ರೋಗವಿಲ್ಲದೆಯೂ ಗೆರೆ ಮೂಡಿತು. ಆಮ್ಲದಿಂದ ಪ್ರತಿಕಾಯಗಳ ಆಕಾರ ಕೆಟ್ಟು ಚಿನ್ನದ ಕಣಗಳು ಗೆರೆಯ ಜಾಗದಲ್ಲಿ ಸುಮ್ಮನೆ ಅಂಟಿಕೊಂಡಿದ್ದವು. ಸರಿಯಾದ ಹದದ ದ್ರವದಿಂದ ತೊಳೆದಾಗ ಆ ಸುಳ್ಳು ಗೆರೆ ಮಾಯವಾಯಿತು.

ಗೆರೆ ಮೂಡದಿದ್ದರೆ ನಿಶ್ಚಿಂತೆಯೇ?

ಪಾಲಕರು ತಿಳಿಯಲೇಬೇಕಾದ ಮಾತು ಇದು. 2024ರ ಮಳೆಗಾಲದಲ್ಲಿ ಡೆಂಗ್ಯೂ ಹೆಚ್ಚಿದಾಗ ಕರ್ನಾಟಕ ಸರ್ಕಾರ ಖಾಸಗಿ ಪ್ರಯೋಗಾಲಯಗಳ ದರಕ್ಕೆ ಮಿತಿ ಹಾಕಿತು. ಎಲೈಸಾ ವಿಧಾನದ ಎನ್‌ಎಸ್-1 ಪರೀಕ್ಷೆಗೆ 300 ರೂಪಾಯಿ, ಕಾರ್ಡ್ ಪರೀಕ್ಷೆಗೆ 250 ರೂಪಾಯಿ. ಕಾರ್ಡಿನ ಫಲ ಅರ್ಧ ಗಂಟೆಯೊಳಗೆ ಕೈಗೆ ಸಿಗುತ್ತದೆ. ಗೆರೆ ಮೂಡದಿದ್ದರೆ ‘ಸದ್ಯ, ಡೆಂಗ್ಯೂ ಅಲ್ಲ’ ಎಂದು ಮಗುವನ್ನು ಮನೆಗೆ ಕರೆದೊಯ್ಯುವವರು ಹಲವರು. ಅಪಾಯ ಇರುವುದು ಈ ನಿಟ್ಟುಸಿರಿನಲ್ಲಿ.

ಮಗುವಿಗೆ ಹಿಂದೆ ಒಮ್ಮೆ ಡೆಂಗ್ಯೂ ಬಂದುಹೋಗಿದ್ದರೆ ರಕ್ತದಲ್ಲಿ ಅದರ ಪ್ರತಿಕಾಯಗಳು ಉಳಿದಿರುತ್ತವೆ. ಎರಡನೆಯ ಸಲ ವೈರಸ್ ಬಂದಾಗ ಅವು ಎನ್‌ಎಸ್-1 ಅಣುವನ್ನು ಸುತ್ತುವರಿದು ಮುಚ್ಚಿಬಿಡಬಹುದು. ಆಗ ಚಿನ್ನದ ಕಣಕ್ಕೆ ಹಿಡಿಯಲು ಜಾಗವೇ ಸಿಗುವುದಿಲ್ಲ. ವೈರಸ್ ಇದೆ, ಗೆರೆ ಇಲ್ಲ! ಎರಡನೆಯ ಸಲ ಬರುವ ಡೆಂಗ್ಯೂ ಹೆಚ್ಚು ತೀವ್ರವಾಗುವ ಸಂಭವವಿದೆ. ಕಾರ್ಡು ಮೋಸ ಹೋಗಲು ಹೆಚ್ಚು ಅವಕಾಶ ಇರುವುದೂ ಆಗಲೇ. ಜ್ವರ ಬಂದು ಐದಾರು ದಿನ ಕಳೆದ ಮೇಲೆ ಎನ್‌ಎಸ್-1 ರಕ್ತದಲ್ಲಿ ಕಡಿಮೆಯಾಗತೊಡಗುತ್ತದೆ. ಆಗ ನೋಡಬೇಕಾದದ್ದು ಐಜಿಎಂ ಎಂಬ ಪ್ರತಿಕಾಯವನ್ನು. ಅದು ಜ್ವರದ ಮೊದಲ ದಿನಗಳಲ್ಲಿ ಇನ್ನೂ ಹುಟ್ಟಿರುವುದಿಲ್ಲ. ಹೀಗಾಗಿ ಯಾವ ದಿನ ಯಾವ ಪರೀಕ್ಷೆ ಎಂಬುದು ಮುಖ್ಯ. ಕೋವಿಡ್ ಕಾಲದಲ್ಲೂ ರೋಗಲಕ್ಷಣ ಇದ್ದು ಕಾರ್ಡಿನಲ್ಲಿ ಗೆರೆ ಬಾರದಿದ್ದರೆ ಆರ್‌ಟಿ-ಪಿಸಿಆರ್ ಮಾಡಿಸಲೇಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲೇ ಹೇಳಿತ್ತು.

ಆದ್ದರಿಂದ ವೈದ್ಯರ ಬಳಿ ಹೋದಾಗ ಮೂರು ಸಂಗತಿಗಳನ್ನು ತಪ್ಪದೆ ಹೇಳಬೇಕು: ಜ್ವರ ಶುರುವಾಗಿ ಇಂದಿಗೆ ಎಷ್ಟನೆಯ ದಿನ, ಹಿಂದೆ ಡೆಂಗ್ಯೂ ಬಂದಿತ್ತೇ, ಈಗಾಗಲೇ ಯಾವ ಮಾತ್ರೆ ಕೊಟ್ಟಾಗಿದೆ. ಡೆಂಗ್ಯೂ ಶಂಕೆ ಇರುವಾಗ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಬಾರದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಕಾರ್ಡಿನ ಮೇಲೆ ಬರೆದ ಸಮಯದೊಳಗೇ ಗೆರೆಯನ್ನು ಓದಬೇಕು. ಗಂಟೆಗಟ್ಟಲೆ ಬಿಟ್ಟು ನೋಡಿದರೆ ಒಣಗಿದ ಪಟ್ಟಿಯಲ್ಲಿ ಇಲ್ಲದ ಗೆರೆ ಕಾಣಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಡೆಂಗ್ಯೂವಿನ ಅಪಾಯದ ಹೊತ್ತು ಬರುವುದು ಸಾಮಾನ್ಯವಾಗಿ ಜ್ವರ ಇಳಿಯುವ ಸಮಯದಲ್ಲಿ, ಮೂರರಿಂದ ಏಳನೆಯ ದಿನದ ನಡುವೆ. ಆಗ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲೋ ಮೂಗಿನಲ್ಲೋ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ ಕಂಡರೆ ಕಾರ್ಡು ಏನೇ ಹೇಳಿರಲಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

‘ನ್ಯಾನೊ’ ಎಂಬ ಮುದ್ರೆ

ಇತ್ತೀಚೆಗೆ ಮಾರುಕಟ್ಟೆಯಲ್ಲಿ ‘ನ್ಯಾನೊ’ ಎಂಬ ಮುದ್ರೆ ಹೊತ್ತ ಟಾನಿಕ್ಕು, ಮುಲಾಮು, ಪುಡಿಗಳೂ ಕಾಣಿಸುತ್ತವೆ. ಚಿಕ್ಕದಾದಷ್ಟೂ ದೇಹಕ್ಕೆ ಬೇಗ ಸೇರುತ್ತದೆ ಎಂಬುದು ಮಾರುವವರ ವಾದ. ಮೇಲೆ ಹೇಳಿದ್ದನ್ನು ಅರಿತವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಒಳಗೆ ಹೋದ ಮೇಲೆ ಅದು ಯಾವ ಅಂಗಿ ತೊಡುತ್ತದೆ, ಯಾವ ಅಂಗಕ್ಕೆ ಹೋಗುತ್ತದೆ, ದೇಹದಿಂದ ಹೊರಹೋಗುವುದು ಹೇಗೆ? ಇವಕ್ಕೆ ಮನುಷ್ಯರ ಮೇಲೆ ನಡೆಸಿದ ಪರೀಕ್ಷೆಗಳಿಂದ ಉತ್ತರ ಬಂದಿದ್ದರೆ ಮಾತ್ರ ಆ ಮುದ್ರೆಗೆ ಅರ್ಥವಿದೆ.

ವಿದ್ಯಾರ್ಥಿಗಳಿಗೆ ಕೊನೆಯ ಮಾತು. ಈ ವಿಷಯದಲ್ಲಿ ಭೌತವಿಜ್ಞಾನ ಎಲ್ಲಿ ಮುಗಿಯಿತು, ರಸಾಯನವಿಜ್ಞಾನ ಎಲ್ಲಿ ಶುರುವಾಯಿತು, ಜೀವವಿಜ್ಞಾನ ಯಾವಾಗ ಬಂತು ಎಂದು ಗೆರೆ ಎಳೆಯುವುದು ಕಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನ್ಯಾನೊ ವಿಜ್ಞಾನಕ್ಕೆಂದೇ ಒಂದು ವಿಭಾಗವಿದೆ. ಸಿ.ಎನ್.ಆರ್. ರಾವ್ ಅವರು ಕಟ್ಟಿ ಬೆಳೆಸಿದ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರವಿದೆ. ಎರಡನೆಯ ಸಲದ ಡೆಂಗ್ಯೂವಿನಲ್ಲೂ ಮೋಸಹೋಗದ ಅಗ್ಗದ ಕಾರ್ಡೊಂದು ಬೇಕಾಗಿದೆ. ಮುಚ್ಚಿಹೋದ ಎನ್‌ಎಸ್-1 ಅಣುವನ್ನು ಅದರ ಪ್ರತಿಕಾಯಗಳಿಂದ ಬಿಡಿಸಿ ಚಿನ್ನದ ಕಣಕ್ಕೆ ತೋರಿಸುವುದು ಹೇಗೆ ಎಂಬುದು ಹತ್ತನೆಯ ತರಗತಿಯವರೂ ಯೋಚಿಸಬಹುದಾದ ಪ್ರಶ್ನೆ. ಆಮ್ಲ ಸುರಿದಾಗ ಪ್ರತಿಕಾಯಗಳ ಹಿಡಿತ ಕೆಡುತ್ತದೆ ಎಂಬ ಸುಳಿವು ಈ ಲೇಖನದಲ್ಲೇ ಇದೆ.